ಹೇಗೂ ಸಾಯುತ್ತೇವೆ ಅಂದಮೇಲೆ ಬದುಕಿಗೆ ಏನು ಅರ್ಥ?

"ನೂರು ವರ್ಷದ ಮೇಲೆ ನನ್ನ ಹೆಸರೇ ಯಾರಿಗೂ ನೆನಪಿರಲ್ಲ, ಮತ್ಯಾಕೆ ಈ ಒದ್ದಾಟ?" ಎಂದು ಕೇಳಿದ್ದೀರಿ. ಹೆಸರು ಉಳಿಯುವುದಕ್ಕೂ ಬದುಕು ಸಾರ್ಥಕವಾಗುವುದಕ್ಕೂ ನಂಟು ಕಡಿಮೆ ಎಂದೇ ನನ್ನ ನಂಬಿಕೆ.

ನಾನು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಕಡೆಯವನು. ವೇದಾವತಿ ನದಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಅಣೆಕಟ್ಟು, ನಮ್ಮ ಬಾಯಲ್ಲಿ ಮಾರಿಕಣಿವೆ, ಕಟ್ಟಿ ಮುಗಿಸಿದ್ದು 1907ರಲ್ಲಿ. ಅಲ್ಲಿ ಕಲ್ಲು ಹೊತ್ತ ಕೂಲಿಯವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಈ ಬರದ ಸೀಮೆಯಲ್ಲಿ ನಮ್ಮ ತೆಂಗಿನ ತೋಟ ಹಸಿರಾಗಿರುವುದು ಮಾತ್ರ ಅವರ ಬೆವರಿನಿಂದ.

ಹಾಗಂತ ಅಣೆಕಟ್ಟು ಕಟ್ಟಿದವರ ಬದುಕಿಗಷ್ಟೇ ಅರ್ಥ ಎನ್ನಲಾರೆ. ಏನೂ ಬಿಟ್ಟುಹೋಗದವರೂ ತುಂಬಿದ ಬಾಳು ಬಾಳಿದ್ದನ್ನು ಕಂಡಿದ್ದೇನೆ. ಸಾವೇ ಇಲ್ಲದಿದ್ದರೆ ಎಲ್ಲವನ್ನೂ ನಾಳೆ ಮಾಡಿದರಾಯಿತು ಎನ್ನಬಹುದಿತ್ತು. ಯಾರ ಜೊತೆ ಕೂತೆ, ಯಾರಿಗೆ ಆಸರೆಯಾದೆ ಎಂಬುದಕ್ಕೆ ತೂಕವೇ ಇರುತ್ತಿರಲಿಲ್ಲ. ದಿನಗಳು ಎಣಿಕೆಯವು ಎಂಬ ಕಾರಣಕ್ಕೇ ಇನ್ನೊಬ್ಬರಿಗೆ ಕೊಟ್ಟ ಒಂದು ದಿನ ದೊಡ್ಡದು. ಇದು ತತ್ವಶಾಸ್ತ್ರ ಓದಿ ಹೇಳುತ್ತಿರುವ ಮಾತಲ್ಲ.

ನಮ್ಮಜ್ಜಿ ಹಾಸಿಗೆ ಹಿಡಿದಿದ್ದಳು. ಇನ್ನು ಹೆಚ್ಚು ದಿನ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಳು. ಅಜ್ಜಿ ದಿನಾ ಸಂಜೆ ನನ್ನನ್ನು ಕರೆದು, "ಆ ಹುಡುಗಿ ಹೊಟ್ಟೆತುಂಬ ಉಂಡಳೇನಪ್ಪಾ, ನೋಡಿಕೊಂಡು ಬಾ" ಅನ್ನುತ್ತಿದ್ದಳು. ಹೋಗುವ ಹಿಂದಿನ ಸಂಜೆಯೂ ಕಳಿಸಿದ್ದಳು.