ಕಾಗದ ಹಾಕಲು ಅಂಚೆ ಕಚೇರಿ ಕಟ್ಟಬೇಕಾಗಿಲ್ಲ

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದೊಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ಇದೆ. ದಿನಕ್ಕೆ ಎಷ್ಟು ಗೂಡು ಕೊಂಡೆವು, ಎಷ್ಟು ನೂಲು ಬಂತು ಅನ್ನೋ ಲೆಕ್ಕವನ್ನು ನಾನೇ ಬರೆದ ಪೈಥಾನ್ ಸ್ಕ್ರಿಪ್ಟ್ ತೆಗೆದುಕೊಡುತ್ತದೆ. ರಾತ್ರಿ ಅದು ತಾನಾಗಿ ಬೆಂಗಳೂರಿನ ಅಣ್ಣನಿಗೆ ಮೇಲ್ ಆಗಬೇಕು. ಲಿನಕ್ಸ್ ಕಂಪ್ಯೂಟರಿಗೆ ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸರ್ವರ್ ತಂತ್ರಾಂಶ ಹಾಕಿ ಮೂರು ದಿನ ಒದ್ದಾಡಿದೆ. ಒಂದು ಮೇಲೂ ತಲುಪಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಸೆಟ್ಟಿಂಗ್ ಸರಿಯಾಗಿದ್ದರೂ ಮೇಲ್ ಹೋಗುವುದು ಕಷ್ಟವೇ. ಸರ್ವರಿಂದ ಸರ್ವರಿಗೆ ಮೇಲ್ ಸಾಗುವುದು 25ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ನೆಟ್ ಬಾಗಿಲಿನಲ್ಲಿ. ಮನೆ, ಅಂಗಡಿಗಳ ಬ್ರಾಡ್‌ಬ್ಯಾಂಡ್‌ನಲ್ಲಿ ಅದನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ತೆರೆದಿದ್ದರೂ, ಆಗಾಗ ಐಪಿ ವಿಳಾಸ ಬದಲಾಗುವ ಕಂಪ್ಯೂಟರನ್ನು ಜಿಮೇಲ್ ನಂಬುವುದಿಲ್ಲ.

ಪೋಸ್ಟ್‌ಫಿಕ್ಸ್ ತೆಗೆದುಬಿಡಿ. ಕಾಗದ ಬರೆದವರು ಡಬ್ಬಿಗೆ ಹಾಕಿದರೆ ಸಾಕು, ಸಾಗಿಸೋದು ಅಂಚೆಯವರ ಕೆಲಸ ಅಲ್ವಾ? ಹಾಗೆಯೇ ಸ್ಕ್ರಿಪ್ಟ್ ಜಿಮೇಲ್ ಖಾತೆಗೆ ಲಾಗಿನ್ ಆಗಿ ಮೇಲನ್ನು ಒಪ್ಪಿಸಲಿ. ಮೇಲ್ ಕಳಿಸಲು ಬೇಕಾದ ಎಸ್‌ಎಂಟಿಪಿಲಿಬ್ (smtplib) ಲೈಬ್ರರಿ ಪೈಥಾನ್ ಜೊತೆಗೇ ಬರುತ್ತದೆ. ಜಿಮೇಲ್‌ನ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರಿನ) ವಿಳಾಸ, ಪೋರ್ಟ್ 587 ಕೊಡಿ. ಮೊದಲು ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವ ಸ್ಟಾರ್ಟ್‌ಟಿಎಲ್‌ಎಸ್ ಆಜ್ಞೆ, ಆಮೇಲೆ ಲಾಗಿನ್. ಈ ಕ್ರಮ ತಪ್ಪಬಾರದು.

ಬಹಳ ಜನ ಎಡವುವುದು ಪಾಸ್‌ವರ್ಡ್ ಹತ್ತಿರ. ನಿಮ್ಮ ಮಾಮೂಲಿ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. 2022ರಲ್ಲೇ ಗೂಗಲ್ ಅದನ್ನು ನಿಲ್ಲಿಸಿತು. 535 ಅನ್ನೋ ದೋಷ ಬಂದರೆ ಕಾರಣ ಹೆಚ್ಚಾಗಿ ಇದೇ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, ನಂತರ ಆ್ಯಪ್ ಪಾಸ್‌ವರ್ಡ್, ಅಂದರೆ ಇಂಥ ಪ್ರೋಗ್ರಾಂಗಳಿಗೆಂದೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್ ಪಡೆಯಿರಿ. 16 ಅಕ್ಷರ, ಒಮ್ಮೆ ಮಾತ್ರ ತೋರಿಸುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಆ 16 ಅಕ್ಷರ ಸಿಕ್ಕವರಿಗೆ ನಿಮ್ಮ ಇಡೀ ಮೇಲ್ ಪೆಟ್ಟಿಗೆ ಸಿಕ್ಕ ಹಾಗೆ. ಬ್ಯಾಂಕಿನ ಒಟಿಪಿ ಬರುವ ಸ್ವಂತ ಖಾತೆಯನ್ನು ದಯವಿಟ್ಟು ಬಳಸಬೇಡಿ. ಘಟಕಕ್ಕೇ ಬೇರೆ ಖಾತೆ ತೆರೆಯಿರಿ. ಪಾಸ್‌ವರ್ಡನ್ನು ಸ್ಕ್ರಿಪ್ಟಿನೊಳಗೆ ಬರೆಯದೆ ಬೇರೆ ಫೈಲಿನಲ್ಲಿಟ್ಟು, ಅದಕ್ಕೆ 600 ಅನುಮತಿ ಕೊಡಿ. ಆಗ ನಿಮ್ಮ ಲಾಗಿನ್ ಬಿಟ್ಟು ಬೇರೆ ಸಾಮಾನ್ಯ ಬಳಕೆದಾರರು ಅದನ್ನು ಓದಲಾರರು.

ಜಿಮೇಲ್‌ನ ಉಚಿತ ಖಾತೆಗೆ ದಿನಕ್ಕೆ 500ರ ಮಿತಿ ಇದೆ. ನಿಮಗೆ ಬೇಕಾದದ್ದು ಒಂದೇ ಮೇಲ್. ವಿಷಯದ ಸಾಲನ್ನು ಕನ್ನಡದಲ್ಲೇ ಬರೆಯಿರಿ: ‘ಗೂಡು 64 ಕೆಜಿ, ನೂಲು 8 ಕೆಜಿ’. ಮೇಲ್ ಸಿದ್ಧಪಡಿಸಲು ಪೈಥಾನಿನ ಇಮೇಲ್‌ಮೆಸೇಜ್ (EmailMessage) ಬಳಸಿದರೆ ಅಕ್ಷರ ಕೆಡುವುದಿಲ್ಲ. ಅಣ್ಣ ಮೇಲ್ ತೆರೆಯದೆಯೇ ಲೆಕ್ಕ ನೋಡಬಹುದು.

ಕರೆಂಟ್, ನೆಟ್ ಕೈಕೊಡುವುದು ಇದ್ದೇ ಇದೆ. 30 ಸೆಕೆಂಡ್ ಟೈಮ್‌ಔಟ್ (ಕಾಯುವ ಮಿತಿ) ಇಡಿ. ಹೋಗದಿದ್ದರೆ ಹತ್ತು ನಿಮಿಷ ಬಿಟ್ಟು ಸ್ಕ್ರಿಪ್ಟ್ ಮತ್ತೆ ಪ್ರಯತ್ನಿಸಲಿ. ಗೂಡು ಕೊಳ್ಳದ ದಿನವೂ ‘0 ಕೆಜಿ’ ಅಂತ ಮೇಲ್ ಹೋಗಲಿ. ಸುಮ್ನೆ ಇದ್ದರೆ ಅವತ್ತು ಗೂಡು ತರಲಿಲ್ಲವೋ, ಕಂಪ್ಯೂಟರೇ ನಿಂತಿದೆಯೋ ಅಣ್ಣನಿಗೆ ಹೇಗೆ ತಿಳಿಯಬೇಕು?