ಉತ್ತರ ಒಂಟಾರಿಯೊಗೆ ಮೊದಲ ಸಲ ಮೂಸ್ ಬೇಟೆಗೆ ಹೋಗಲು ತಯಾರಿ ಎಲ್ಲಿಂದ ಶುರು ಮಾಡಬೇಕು?

ಟೊರೊಂಟೊದಲ್ಲಿದ್ದೀರಿ, ಬಂದೂಕಿನ ಲೈಸೆನ್ಸ್ ಆಗಿದೆ, ಮುಂದಿನ ವರ್ಷ ಮೂವರು ಗೆಳೆಯರ ಜೊತೆ ಉತ್ತರದ ಸರೋವರಗಳ ಕಡೆ ಚಿಕ್ಕ ವಿಮಾನದಲ್ಲಿ ಹೋಗಿ ಮೂಸ್ ಅನ್ನುವ ಭಾರಿ ಗಾತ್ರದ ಜಿಂಕೆಯ ಬೇಟೆ ಆಡಬೇಕು ಅಂತಿದ್ದೀರಿ. ಯಾವ ರೈಫಲ್ ತಗೊಳ್ಳಲಿ, ಯಾವ ಸರೋವರಕ್ಕೆ ಹೋಗಲಿ ಅಂತ ಕೇಳಿದ್ದೀರಿ. ನಾನು ಥಂಡರ್ ಬೇ ಊರಿನವನು. ಸೆಪ್ಟೆಂಬರ್ ಬಂತು ಅಂದರೆ ನಮ್ಮ ಗುಂಪಿಗೆ ಇದೇ ಮಾತು. ನನ್ನ ಸಲಹೆ ಇಷ್ಟು: ರೈಫಲ್ ಆಮೇಲೆ ನೋಡೋಣ, ಮೊದಲು ಮಾಂಸದ ಲೆಕ್ಕ ಹಾಕಿ.

ದೊಡ್ಡ ಗಂಡು ಮೂಸ್ 450 ಕೆ.ಜಿ. ಆರಾಮಾಗಿ ತೂಗುತ್ತದೆ. ಚರ್ಮ, ಮೂಳೆ, ಕರುಳು ಕಳೆದರೂ 200 ಕೆ.ಜಿ. ಆಸುಪಾಸು ಮಾಂಸ ಉಳಿಯುತ್ತದೆ. ಒಂದು ಹಿಂಗಾಲಿನ ತುಂಡೇ 50 ಕೆ.ಜಿ. ದಾಟಬಹುದು. ಅದನ್ನು ಹೆಗಲ ಮೇಲೆ ಹೊತ್ತು ಮೊಣಕಾಲುದ್ದ ಪಾಚಿ ನೆಲದಲ್ಲಿ, ಬಿದ್ದ ಮರಗಳನ್ನು ದಾಟಿಕೊಂಡು ದೋಣಿವರೆಗೆ ನಡೆಯಬೇಕು. ನೀರಿನಿಂದ ಒಂದು ಕಿಲೋಮೀಟರ್ ಒಳಗೆ ಮೂಸ್ ಬಿದ್ದರೆ ನಾಲ್ಕು ಜನಕ್ಕೆ ಇಡೀ ದಿನ ಸಾಲದು. ಅದಕ್ಕೇ ಗುಂಡು ಹಾರಿಸುವ ಮೊದಲೇ ತೀರ್ಮಾನ ಆಗಿರಬೇಕು: ದಡದಿಂದ ಇಷ್ಟು ದೂರದ ಆಚೆ ಹೊಡೆಯುವುದಿಲ್ಲ, ಆಳದ ನೀರಲ್ಲಿ ನಿಂತಿದ್ದರೆ ಹೊಡೆಯುವುದಿಲ್ಲ, ಕತ್ತಲಾಗುತ್ತಾ ಬಂದಾಗ ಹೊಡೆಯುವುದಿಲ್ಲ. ಈ ಮಾತನ್ನು ಮನೆಯಲ್ಲೇ ಕೂತು ಆಡಿ ಮುಗಿಸಿ. ಕಾಡಿನಲ್ಲಿ ಎದುರಿಗೆ ಗಂಡು ಬಂದು ನಿಂತಾಗ ಯಾರಿಗೂ ಯೋಚನೆ ಮಾಡುವಷ್ಟು ಸಮಾಧಾನ ಇರುವುದಿಲ್ಲ.

ಈಗ ತಾರೀಖು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು ಮೂಸ್‌ಗಳಿಗೆ ಬೆದೆಯ ಕಾಲ. ಬರ್ಚ್ ಮರದ ತೊಗಟೆಯ ಕೊಳವೆಯಲ್ಲಿ ಹೆಣ್ಣಿನ ಹಾಗೆ ಕೂಗಿದರೆ ಗಂಡು ತಾನಾಗಿ ದಡಕ್ಕೆ ಬರುತ್ತದೆ. ಬೇಟೆಗೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಆದರೆ ಆ ದಿನಗಳಲ್ಲಿ ಮಧ್ಯಾಹ್ನ ಒಮ್ಮೊಮ್ಮೆ 20 ಡಿಗ್ರಿ ಬಿಸಿಲು ಬರುತ್ತದೆ, ಮಾಂಸ ಕೆಡುತ್ತದೆ. ಅಕ್ಟೋಬರ್ ಮಧ್ಯದ ಮೇಲೆ ಚಳಿ ಇರುತ್ತದೆ, ಮಾಂಸದ ಚಿಂತೆ ಕಡಿಮೆ, ಆದರೆ ಕೂಗಿಗೆ ಓಗೊಡುವುದೂ ಕಡಿಮೆ. ಇನ್ನೂ ತಡ ಮಾಡಿದರೆ ಸಣ್ಣ ಸರೋವರಗಳ ಅಂಚಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ನೀರಿಗೆ ಇಳಿಯುವ ವಿಮಾನ ಬರುವುದೇ ಕಷ್ಟ. ಮೊದಲ ಸಲ ಹೋಗುವವರು ಅಕ್ಟೋಬರ್ ಮೊದಲ ಎರಡು ವಾರ ಇಟ್ಟುಕೊಳ್ಳಿ ಅನ್ನುತ್ತೇನೆ. ಬೇಟೆಗಾಗಿ ಸರ್ಕಾರ ಕಾಡನ್ನು ಘಟಕಗಳಾಗಿ ಭಾಗ ಮಾಡಿದೆ; ಬೇಟೆಯ ಅವಧಿ ಘಟಕದಿಂದ ಘಟಕಕ್ಕೆ ಬೇರೆ, ಅದನ್ನೂ ನೋಡಿಕೊಳ್ಳಿ.

ಟ್ಯಾಗ್ ಅಂದರೆ ಒಂದು ಮೂಸ್ ಹೊಡೆಯಲು ಸರ್ಕಾರ ಕೊಡುವ ಅನುಮತಿ ಚೀಟಿ, ಅದಿಲ್ಲದೆ ಇದ್ಯಾವುದೂ ಇಲ್ಲ ಬಿಡಿ. ಬಂದೂಕಿನ ಲೈಸೆನ್ಸ್ ಬೇರೆ, ಬೇಟೆಯ ಕೋರ್ಸ್ ಮುಗಿಸಿ ಪಡೆಯುವ ಔಟ್‌ಡೋರ್ಸ್ ಕಾರ್ಡ್ ಬೇರೆ, ಮೂಸ್ ಲೈಸೆನ್ಸ್ ಬೇರೆ, ಟ್ಯಾಗ್ ಬೇರೆ. 2021ರಿಂದ ಟ್ಯಾಗ್ ಹಂಚುವುದು ಪಾಯಿಂಟ್ ಲೆಕ್ಕದಲ್ಲಿ. ಅರ್ಜಿ ಹಾಕಿ ಟ್ಯಾಗ್ ಸಿಗದ ವರ್ಷಕ್ಕೆ ಒಂದು ಪಾಯಿಂಟ್ ಸೇರುತ್ತದೆ. ಹೊಸಬರಿಗೆ ಒಳ್ಳೆ ಘಟಕದಲ್ಲಿ ಗಂಡಿನ ಟ್ಯಾಗ್ ಸಿಗುವುದು ಅಪರೂಪ. ನಾಲ್ವರಲ್ಲಿ ಯಾರಿಗೆ ಪಾಯಿಂಟ್ ಜಾಸ್ತಿ ಇದೆಯೋ ಅವರ ಟ್ಯಾಗ್ ಮೇಲೆ ಗುಂಪಾಗಿ ಹೋಗಬಹುದು. ಉಳಿದವರಿಗೂ ಲೈಸೆನ್ಸ್ ಇರಬೇಕು, ಟ್ಯಾಗ್ ಇರುವವರಿಂದ 5 ಕಿ.ಮೀ. ಒಳಗೆ ಇರಬೇಕು, ತಕ್ಷಣ ಮಾತಾಡುವ ವ್ಯವಸ್ಥೆಯೂ ಇರಬೇಕು. ರೇಡಿಯೋ ತಗೊಳ್ಳಿ, ಅಲ್ಲಿ ಮೊಬೈಲ್ ನಡೆಯುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಗುಂಪಿಗೆ ಒಂದಾದರೂ ಬೇಕೇ ಬೇಕು.

ಟೊರೊಂಟೊದಿಂದ ಥಂಡರ್ ಬೇವರೆಗೇ ರಸ್ತೆಯಲ್ಲಿ ಸುಮಾರು 1,400 ಕಿ.ಮೀ. ಅಲ್ಲಿಂದ ಚಿಕ್ಕ ವಿಮಾನಗಳು ಹೊರಡುವ ಪಿಕಲ್ ಲೇಕ್ ಊರಿಗೆ ಇನ್ನೂ 500ಕ್ಕೂ ಜಾಸ್ತಿ. ನಕೀನಾ, ಹರ್ಸ್ಟ್ ಊರುಗಳು ನಿಮಗೆ ಇನ್ನೂ ಹತ್ತಿರ, ಅಲ್ಲಿಂದಲೂ ವಿಮಾನಗಳು ಹೋಗುತ್ತವೆ. ವಿಮಾನ ಅಂದರೆ ಬಹಳ ಸಲ ಹಳೆಯ ಡಿ ಹ್ಯಾವಿಲ್ಯಾಂಡ್ ಬೀವರ್, 1947ರಲ್ಲಿ ಮೊದಲು ಹಾರಿದ ಮಾದರಿ. ವಿಮಾನ ಹತ್ತುವ ಕಟ್ಟೆಯ ಮೇಲೆ ತಕ್ಕಡಿ ಇಟ್ಟಿರುತ್ತಾರೆ. ಪ್ರತಿ ಚೀಲ ತೂಗಬೇಕು, ನೀವೂ ಹತ್ತಿ ನಿಲ್ಲಬೇಕು. ಗಟ್ಟಿ ಪೆಟ್ಟಿಗೆ ಬೇಡ, ಮೆತ್ತಗಿನ ಚೀಲ ತನ್ನಿ, ಮೂಲೆಯಲ್ಲಿ ತುರುಕಬಹುದು. ಕರಡಿ ಓಡಿಸುವ ಸ್ಪ್ರೇ ಇದ್ದರೆ ಪೈಲಟ್‌ಗೆ ಮೊದಲೇ ಹೇಳಿ. ಅದನ್ನು ಒಳಗೆ ಬಿಡುವುದಿಲ್ಲ, ವಿಮಾನ ನೀರಿನ ಮೇಲೆ ತೇಲಲು ಕೆಳಗಿರುವ ಫ್ಲೋಟ್‌ನಲ್ಲಿ ಇಡುತ್ತಾರೆ. ಬುಕ್ ಮಾಡುವಾಗಲೇ ಒಂದು ಪ್ರಶ್ನೆ ಕೇಳಿ: ಮೂಸ್ ಸಿಕ್ಕರೆ ಮಾಂಸ ಒಯ್ಯಲು ಬೇರೆ ಟ್ರಿಪ್ ಬೇಕಾ, ಅದಕ್ಕೆ ದುಡ್ಡೆಷ್ಟು, ಸಂದೇಶ ಕಳಿಸಿದರೆ ಯಾವತ್ತು ಬರುತ್ತೀರಿ? ಉತ್ತರ ಸ್ಪಷ್ಟವಾಗಿ ಕೊಡದವರ ಜೊತೆ ಹೋಗಬೇಡಿ. ಮಂಜು, ಗಾಳಿ ಅಂತ ವಿಮಾನ ಎರಡು ಮೂರು ದಿನ ತಡವಾಗುವುದು ಮಾಮೂಲು, ಅಷ್ಟು ದಿನದ ಊಟ ಹೆಚ್ಚಿಗೆ ಇರಲಿ. ನಾನು ಅವಲಕ್ಕಿ ಒಯ್ಯುತ್ತೇನೆ, ತೂಕವೇ ಇಲ್ಲ.

ಮೂಸ್ ಬಿದ್ದ ಮೇಲಿನದನ್ನು ಚೆನ್ನಾಗಿ ತಿಳಿದುಕೊಳ್ಳಿ. ಮೊದಲು ಟ್ಯಾಗ್ ಕತ್ತರಿಸಿ ಗುರುತು ಮಾಡಿ. ಆಮೇಲೆ ಬೆನ್ನ ಮೇಲೆ ಮಲಗಿಸಿ, ಒಂದು ಹಿಂಗಾಲನ್ನು ಹಗ್ಗ ಹಾಕಿ ಮರಕ್ಕೆ ಎಳೆದು ಕಟ್ಟಿ. ಇಲ್ಲದಿದ್ದರೆ ಅದು ನಿಮ್ಮ ಮೇಲೇ ಉರುಳುತ್ತದೆ. ಕರುಳು ತೆಗೆದ ತಕ್ಷಣ ಚರ್ಮ ಸುಲಿಯಿರಿ. ಮೂಸ್ ಕೂದಲು ಒಳಗೆ ಟೊಳ್ಳು, ಒಳ್ಳೆ ಕಂಬಳಿ ಹೊದಿಸಿದ ಹಾಗೆ ಶಾಖ ಹಿಡಿದಿಡುತ್ತದೆ. ಹೊರಗೆ ಕೈ ಮರಗಟ್ಟುವ ಚಳಿ ಇದ್ದರೂ ತೊಡೆಯ ಮೂಳೆ ಹತ್ತಿರ ಕೈ ಇಟ್ಟರೆ ಬೆಚ್ಚಗಿರುತ್ತದೆ, ಕೆಡುವುದು ಅಲ್ಲಿಂದಲೇ. ತುಂಡು ಮಾಡಿ, ಹತ್ತಿ ಬಟ್ಟೆಯ ಚೀಲಕ್ಕೆ ಹಾಕಿ, ನೆರಳಲ್ಲಿ ಗಾಳಿ ಆಡುವ ಹಾಗೆ ತೂಗು ಹಾಕಿ. ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ. ಪಿತ್ತಜನಕಾಂಗ, ಮೂತ್ರಪಿಂಡ ತಿನ್ನಬೇಡಿ, ಅದರಲ್ಲಿ ಕ್ಯಾಡ್ಮಿಯಂ ಸೇರಿರುತ್ತದೆ ಅಂತ ಸರ್ಕಾರವೇ ಹೇಳುತ್ತದೆ. ತಿನ್ನುವ ಮಾಂಸ ಕೊಳೆಯಲು ಬಿಟ್ಟರೆ ಒಂಟಾರಿಯೊದಲ್ಲಿ ಅದು ಅಪರಾಧ. ಅಪರಾಧ ಅಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಅಷ್ಟು ದೊಡ್ಡ ಜೀವ ತೆಗೆದು ಅರ್ಧ ಕಾಡಲ್ಲಿ ಬಿಟ್ಟು ಬರುವುದು ಯಾವ ಬೇಟೆ?

ರೈಫಲ್ ಅಂದಿರಲ್ಲ, ನಿಮ್ಮ ಹತ್ತಿರ .308 ಅಥವಾ .30-06 ಗುಂಡಿನ ರೈಫಲ್ ಇದ್ದರೆ ಸಾಕು, ಹೊಸದು ಬೇಡ. ಆ ದುಡ್ಡಿಗೆ ಗುಂಡು ಕೊಂಡು ಅಭ್ಯಾಸ ಮಾಡಿ. ಎದೆಯ ಭಾಗಕ್ಕೆ, ಮುಂಗಾಲಿನ ಹಿಂದೆ ಹೊಡೆಯಲು ಬಂದರೆ ಸಾಕು. ಕಿತ್ತಳೆ ಬಣ್ಣದ ಮೇಲಂಗಿ, ಟೋಪಿ ಕಡ್ಡಾಯ. ಮೋಟಾರು ಓಡುತ್ತಿರುವ ದೋಣಿಯಲ್ಲಿ ಬಂದೂಕಿಗೆ ಗುಂಡು ತುಂಬಿರಬಾರದು.

ಇನ್ನೊಂದು ಮಾತು. ನೀವು ಹೋಗುವ ನೆಲ ಖಾಲಿ ಕಾಡಲ್ಲ. ಪಿಕಲ್ ಲೇಕ್, ನಕೀನಾ ಸುತ್ತಮುತ್ತ 1905ರ ಟ್ರೀಟಿ 9, ಅಂದರೆ ಸರ್ಕಾರ ಮೂಲನಿವಾಸಿಗಳ ಜೊತೆ ಮಾಡಿಕೊಂಡ ಒಪ್ಪಂದದ ಸೀಮೆ. ಅಲ್ಲಿನ ಮೂಲನಿವಾಸಿಗಳಾದ ಕ್ರೀ, ಒಜಿಬ್ವೆ ಜನರಿಗೆ ಮೂಸ್ ಅಂದರೆ ಚಳಿಗಾಲದ ಊಟ, ಅಲ್ಲಿ ಬೇಟೆ ಅವರ ಒಪ್ಪಂದದ ಹಕ್ಕು. ಅವರ ಬೇಟೆ ಕ್ಯಾಂಪು ಕಂಡರೆ ದೂರದಿಂದಲೇ ಮಾತಾಡಿಸಿ, ಎಲ್ಲಿ ಕೂರಬಹುದು ಅಂತ ಕೇಳಿ, ಅವರು ಬೇಡ ಅಂದ ಕಡೆ ಹೋಗಬೇಡಿ.

ಮಾಂಸ ಕತ್ತರಿಸಿ ಪ್ಯಾಕ್ ಮಾಡಿಕೊಡುವವರನ್ನು ಆಗಸ್ಟ್‌ನಲ್ಲೇ ಮಾತಾಡಿಸಿ ಇಟ್ಟುಕೊಳ್ಳಿ, ಅಕ್ಟೋಬರ್‌ನಲ್ಲಿ ಅವರಿಗೆ ಪುರುಸೊತ್ತೇ ಇರುವುದಿಲ್ಲ. ವಾಪಸ್ ಬಂದ ಮೇಲೆ ಸರ್ಕಾರಕ್ಕೆ ಬೇಟೆಯ ವರದಿ ಕಳಿಸಿ. ಏನೂ ಸಿಗದಿದ್ದರೂ ಅದು ಕಡ್ಡಾಯ.