ಲಿಫ್ಟ್ ಮಾಡಿದ 1990ರ ಫೋರ್ಡ್ ಎಫ್-150: ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಬಲಕ್ಕೆ ಎಳೆಯುತ್ತಿದೆ, ಏನು ಮಾಡಲಿ?

ನೀವು ಬರೆದದ್ದು ಇಷ್ಟು: ಟೆಕ್ಸಸ್‌ನಲ್ಲಿ ಕೊಂಡ ಫೋರ್-ವೀಲ್ ಡ್ರೈವ್ ಎಫ್-150, ಹಳೇ ಮಾಲೀಕರು ಹಾಕಿಸಿದ 4 ಇಂಚಿನ ಲಿಫ್ಟ್ ಕಿಟ್, 33 ಇಂಚಿನ ಟೈರು, ಮುಂದೆ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ). ಎರಡು ಕಡೆ ಅಲೈನ್‌ಮೆಂಟ್ ಆಯಿತು. ಆದರೂ ಬಲಕ್ಕೆ ಎಳೆತ, ಮುಂದಿನ ಟೈರುಗಳ ಒಳ ಅಂಚು ಸವೆತ (ಎಡದ್ದು ಜಾಸ್ತಿ), ಗುಂಡಿ ಹತ್ತಿಳಿದಾಗ ಸ್ಟೀರಿಂಗ್ ತಾನಾಗಿ ಅಲುಗುವುದು.

ಇಷ್ಟು ಓದಿದ ಮೇಲೆ ನನಗೆ ಮೊದಲ ಅನುಮಾನ ಬರುವುದು ಕುಸಿದ ಕಾಯಿಲ್ ಸ್ಪ್ರಿಂಗ್ ಮೇಲೆ. ಅದನ್ನು ಬಿಟ್ಟು ಟೋ (ಮೇಲಿಂದ ನೋಡಿದಾಗ ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ) ತಿರುಗಿಸುತ್ತಾ ಕೂತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

1980ರಿಂದ 1996ರವರೆಗಿನ ಫೋರ್-ವೀಲ್ ಡ್ರೈವ್ ಎಫ್-150ಗಳಲ್ಲಿ ಇರುವುದು ಟ್ವಿನ್ ಟ್ರಾಕ್ಷನ್ ಬೀಮ್. ಮುಂದಿನ ಆಕ್ಸಲ್ ಎರಡು ತುಂಡು. ಎಡ ಚಕ್ರದ ಬೀಮ್ ಚಾಸಿಗೆ ಸೇರುವುದು ಮಧ್ಯದ ಆಚೆ, ಬಲಕ್ಕೆ. ಬಲ ಚಕ್ರದ್ದು ಎಡಕ್ಕೆ. ಚಕ್ರ ಮೇಲೆ ಕೆಳಗೆ ಹೋದಾಗ ಬಾಗಿಲಿನ ಹಾಗೆ ಕೀಲಿನ ಸುತ್ತ ತಿರುಗುತ್ತದೆ, ಜೊತೆಗೆ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಬದಲಾಗುತ್ತದೆ. ಕೀಲಿನಿಂದ ಚಕ್ರಕ್ಕೆ ಸುಮಾರು ಒಂದು ಮೀಟರ್ ಅಂತ ಹಿಡಿದರೆ, ಗಾಡಿ 1 ಇಂಚು ಏರಿದರೆ ಅಥವಾ ಇಳಿದರೆ ಕ್ಯಾಂಬರ್ ಹತ್ತಿರ ಹತ್ತಿರ 1.5° ಆಚೀಚೆ. ಏರಿದರೆ ಚಕ್ರದ ತಲೆ ಹೊರಕ್ಕೆ, ಕುಸಿದರೆ ಒಳಕ್ಕೆ. ಅದಕ್ಕೇ 4 ಇಂಚಿನ ಕಿಟ್‌ನಲ್ಲಿ ಬೀಮಿನ ಕೀಲುಗಳನ್ನೂ ಕೆಳಗಿಳಿಸುವ ಡ್ರಾಪ್ ಬ್ರಾಕೆಟ್ ಇರುತ್ತದೆ. ಬ್ರಾಕೆಟ್ ಇಳಿಸಿದ್ದು 4 ಇಂಚಿನ ಲೆಕ್ಕಕ್ಕೆ. ವಿಂಚ್ ಭಾರಕ್ಕೆ ಸ್ಪ್ರಿಂಗ್ ಒಂದಿಂಚು ಕುಸಿದು 3ಕ್ಕೆ ನಿಂತಿದ್ದರೆ ಎರಡೂ ಚಕ್ರ ಒಳಕ್ಕೆ ವಾಲುತ್ತವೆ, ಒಳ ಅಂಚು ತಿನ್ನುತ್ತದೆ. ಡ್ರೈವರ್, ಡಿಫರೆನ್ಷಿಯಲ್ ಎರಡೂ ಎಡಕ್ಕಿರುವುದರಿಂದ ಎಡ ಸ್ಪ್ರಿಂಗ್ ಜಾಸ್ತಿ ಕುಸಿಯುವುದು ಅಪರೂಪವಲ್ಲ. ಗಾಡಿ ಎಳೆಯುವುದು ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ, ಅಂದರೆ ಚಕ್ರದ ತಲೆ ಹೆಚ್ಚು ಹೊರಕ್ಕಿರುವ ಕಡೆಗೆ. ಎಡ ಅಷ್ಟು ಒಳಗೆ ವಾಲಿದ್ದರೆ ಅದು ಬಲಗಡೆಯೇ.

ಮೊದಲು ಟೈರಿನ ಮೇಲೆ ಅಂಗೈ ಆಡಿಸಿ. ಒಳ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್. ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು ತಾಕಿದಂತಿದ್ದರೆ ಟೋ. ಎರಡೂ ಬೆರೆತಿರಬಹುದು. ಆಮೇಲೆ ಮುಂದಿನ ಟೈರುಗಳನ್ನು ಎಡ-ಬಲ ಅದಲು ಬದಲು ಮಾಡಿ ಓಡಿಸಿ. ಎಳೆತದ ದಿಕ್ಕೂ ತಿರುಗಿದರೆ ಎಳೆತದ ಮಟ್ಟಿಗೆ ತಪ್ಪು ಟೈರಿನದು, ಸವೆತ ಮತ್ತು ಅಲುಗಾಟಕ್ಕೆ ಮಾತ್ರ ಮುಂದೆ ಓದಿ.

ಎತ್ತರ ಅಳೆಯುವುದು ಸಮತಟ್ಟು ನೆಲದ ಮೇಲೆ, ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಎಡ-ಬಲ ವ್ಯತ್ಯಾಸ ಅರ್ಧ ಇಂಚು ದಾಟಿದರೆ ಸ್ಪ್ರಿಂಗ್ ಕೆಲಸ ಇದೆ. ಕ್ಯಾಂಬರ್ ನೋಡಲು ತೂಗುಗುಂಡಿನ ದಾರ ಸಾಕು: ದಾರವನ್ನು ಚಕ್ರದ ಪಕ್ಕ ಇಳಿಬಿಟ್ಟು, ರಿಮ್‌ನ ಮೇಲಂಚು ಮತ್ತು ಕೆಳಂಚಿಗೆ ಇರುವ ದೂರ ಅಳೆಯಿರಿ. ಆ ಎರಡು ಬಿಂದುಗಳ ನಡುವೆ 400 ಮಿ.ಮೀ. ಇದ್ದರೆ 7 ಮಿ.ಮೀ. ವ್ಯತ್ಯಾಸ ಅಂದರೆ 1°.

ಬಹಳ ಅಂಗಡಿಗಳು ಎಡವುವುದು ಇಲ್ಲೇ. ಈ ಗಾಡಿಯನ್ನು ಜಾಕ್ ಹಾಕಿ ಎತ್ತಿ ಇಳಿಸಿದರೆ ಚಕ್ರಗಳು ಒಳಸರಿದು ಹಾಗೇ ಕಚ್ಚಿಕೊಂಡು ನಿಲ್ಲುತ್ತವೆ, ಟೈರು ನೆಲ ಬಿಟ್ಟುಕೊಡುವುದಿಲ್ಲ. ಆ ಸ್ಥಿತಿಯಲ್ಲಿ ತೆಗೆದ ರೀಡಿಂಗ್ ಪೂರ್ತಿ ಸುಳ್ಳು. ಬಂಪರ್ ಒತ್ತಿ ಕುಣಿಸಿ, 4-5 ಮೀಟರ್ ಹಿಂದೆ ಮುಂದೆ ಉರುಳಿಸಿ, ಆಮೇಲೆ ಅಳೆಯಬೇಕು. ಪ್ರತಿ ಬದಲಾವಣೆಯ ನಂತರವೂ. ಅಂಗಡಿಯವರು ಉರುಳಿಸದೆ ಪ್ರಿಂಟ್ ಕೊಟ್ಟರೆ ಆ ಕಾಗದಕ್ಕೆ ಬೆಲೆ ಇಲ್ಲ.

ಸಡಿಲು ಭಾಗ ಹುಡುಕಲು ಚಕ್ರ ನೆಲದ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಅಡೆ ಕೊಡಿ. ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೀರಿಂಗ್ ಸ್ವಲ್ಪ ಸ್ವಲ್ಪವೇ ಆಡಿಸಲಿ, ಇನ್ನೊಬ್ಬರು ಪಕ್ಕದಿಂದ ನೋಡಲಿ. ಬೀಮ್ ಕೀಲಿನ ಬುಷ್ (ಕೀಲಿನೊಳಗಿನ ರಬ್ಬರ್ ತೋಳು), ರೇಡಿಯಸ್ ಆರ್ಮ್‌ನ (ಬೀಮನ್ನು ಹಿಂದಕ್ಕೆ ಚಾಸಿಗೆ ಕಟ್ಟುವ ತೋಳು) ಹಿಂಬದಿ ಬುಷ್, ಟೈ ರಾಡ್ (ಸ್ಟೀರಿಂಗ್ ಚಲನೆಯನ್ನು ಚಕ್ರಕ್ಕೆ ಒಯ್ಯುವ ಸರಳು) ಎಂಡ್, ಸ್ಟೀರಿಂಗ್ ಶಾಫ್ಟಿನ ರಬ್ಬರ್ ಜಾಯಿಂಟ್, ಯಾವುದು ಚಲನೆ ನುಂಗುತ್ತಿದೆ ಕಣ್ಣಿಗೇ ಕಾಣುತ್ತದೆ. ಬಾಲ್ ಜಾಯಿಂಟ್ ಮತ್ತು ವೀಲ್ ಬೇರಿಂಗ್‌ಗೆ ಮಾತ್ರ ಬೀಮ್ ಕೆಳಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಸ್ಟೀರಿಂಗ್ ಬಾಕ್ಸಿನ ಅಡ್ಜಸ್ಟ್ ಸ್ಕ್ರೂ ಬಿಗಿದು ಆಟ ಮುಚ್ಚಿಹಾಕಬೇಡಿ. ನಡುವಿನಲ್ಲಿ ಬಿಗಿಯಾಗಿ ಸ್ಟೀರಿಂಗ್ ವಾಪಸ್ ಬರುವುದೇ ನಿಲ್ಲುತ್ತದೆ.

ಗುಂಡಿಯಲ್ಲಿ ಸ್ಟೀರಿಂಗ್ ಅಲುಗುವುದು ಬಂಪ್ ಸ್ಟಿಯರ್, ಅಂದರೆ ಚಕ್ರ ಮೇಲೆ ಕೆಳಗೆ ಹೋದಾಗ ತಾನಾಗಿ ತಿರುಗುವುದು. ಗಾಡಿಯ ಮುಂದೆ ಕೂತು ನೋಡಿ: ಟೈ ರಾಡ್‌ಗಳ ಓರೆ ಬೀಮ್‌ಗಳ ಓರೆಗೆ ಹೊಂದಬೇಕು. ರಾಡ್‌ಗಳು ಹೆಚ್ಚು ಕಡಿದಾಗಿ ಇಳಿದಿದ್ದರೆ ಕಿಟ್ ಹಾಕಿದವರು ಡ್ರಾಪ್ ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸಿನಿಂದ ರಾಡ್‌ಗಳನ್ನು ಆಡಿಸುವ, ಕೆಳಗಿಳಿದ ತೋಳು) ಹಾಕದೆ ಬಿಟ್ಟಿದ್ದಾರೆ. ಅದು ಬದಲಾಗದೆ ಯಾವ ಟೋ ಸೆಟ್ಟಿಂಗೂ ಎರಡು ಗುಂಡಿ ದಾಟಿ ಉಳಿಯದು. ಹಾಗೆಯೇ ರೇಡಿಯಸ್ ಆರ್ಮ್‌ಗೂ ಡ್ರಾಪ್ ಬ್ರಾಕೆಟ್ ಇದೆಯೇ ನೋಡಿ. ಇಲ್ಲದಿದ್ದರೆ ಆರ್ಮ್‌ನ ಹಿಂದಿನ ತುದಿ ಚಾಸಿಯ ಜೊತೆ ಮೇಲೆದ್ದು ಆಕ್ಸಲ್ ಮುಂದಕ್ಕೆ ಉರುಳಿ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಹೋಗಿರುತ್ತದೆ, ಹೈವೇಯಲ್ಲಿ ಗಾಡಿ ತೇಲಿದಂತೆ ಓಡುತ್ತದೆ.

ರಿಪೇರಿಯ ಕ್ರಮ ಮುಖ್ಯ: ಸವೆದ ಬುಷ್, ಸ್ಪ್ರಿಂಗ್, ಕ್ಯಾಂಬರ್-ಕ್ಯಾಸ್ಟರ್, ಕೊನೆಗೆ ಟೋ. ವಿಂಚ್ ತೂಕ ಹೇಳಿ ಅದಕ್ಕೆ ತಕ್ಕ ಸ್ಪ್ರಿಂಗ್ ಜೋಡಿಯಾಗಿ ಕೊಳ್ಳಿ. ಸ್ಪೇಸರ್ ಅಗ್ಗದ ದಾರಿ, ಆದರೆ ಸ್ಪ್ರಿಂಗ್ ಕೂತಿರುವುದು ಚಕ್ರಕ್ಕಿಂತ ಒಳಗೆ, ಹಾಗಾಗಿ ಅರ್ಧ ಇಂಚಿನ ಸ್ಪೇಸರ್ ಮುಂಭಾಗವನ್ನು ಅರ್ಧ ಇಂಚಿಗಿಂತ ಜಾಸ್ತಿಯೇ ಎತ್ತುತ್ತದೆ. ನೂರಿನ್ನೂರು ಕಿ.ಮೀ. ಓಡಿಸಿ ಸ್ಪ್ರಿಂಗ್ ಕೂರಲಿ.

ಉಳಿದ ಕ್ಯಾಂಬರ್ ಸರಿಪಡಿಸುವುದು ಮೇಲಿನ ಬಾಲ್ ಜಾಯಿಂಟಿನ ಎಕ್ಸೆಂಟ್ರಿಕ್ ಬುಷ್ (ತೂತು ನಡುವಿನಲ್ಲಿರದ, ತಿರುಗಿಸಿ ಹೊಂದಿಸುವ ಬುಷ್). ಒಂದೇ ಬುಷ್ ಕ್ಯಾಂಬರ್, ಕ್ಯಾಸ್ಟರ್ ಎರಡನ್ನೂ ಹಂಚಿಕೊಳ್ಳುತ್ತದೆ, ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಕಡಿಮೆ. ಅದಕ್ಕೇ ದೊಡ್ಡ ತಪ್ಪನ್ನು ಬುಷ್‌ಗೆ ಹೊರಿಸಬಾರದು. ನಾನು ಹೇಳುವ ಗುರಿ: ಕ್ಯಾಂಬರ್ 0ಯಿಂದ ಅರ್ಧ ಡಿಗ್ರಿಯೊಳಗೆ, ಕ್ಯಾಸ್ಟರ್ 4° ಆಸುಪಾಸು. ಬಲಗಡೆ ಕ್ಯಾಸ್ಟರ್ ಕಾಲರಿಂದ ಅರ್ಧ ಡಿಗ್ರಿ ಜಾಸ್ತಿ ಇರಲಿ. ಅಮೆರಿಕದಲ್ಲಿ ನೀವು ಓಡಿಸುವ ಬಲ ಪಕ್ಕದಲ್ಲಿ ರಸ್ತೆ ಬಲಕ್ಕೆ ಇಳಿಜಾರು, ಅದಕ್ಕೆ ಇದು ತಡೆ. (ಊರಲ್ಲಾದರೆ ತಿರುಗುಮುರುಗು.)

ಟೋ ಒಟ್ಟು 1.5ರಿಂದ 3 ಮಿ.ಮೀ. ಒಳಕ್ಕೆ. ಇಂಚಿನ ಲೆಕ್ಕವನ್ನು ಡಿಗ್ರಿಗೆ ತಿರುಗಿಸುವಾಗ ಟೈರಿನ ಗಾತ್ರ ನೋಡಬೇಕು: 1/8 ಇಂಚು 28 ಇಂಚಿನ ಟೈರಿನಲ್ಲಿ 0.26°, ನಿಮ್ಮ 33ರಲ್ಲಿ 0.22°. ಟೋ ಹೊಂದಿಸಲು ತಿರುಗಿಸುವ ಟೈ ರಾಡ್ ಸ್ಲೀವ್‌ಗಳಿಗೆ ಹಿಂದಿನ ದಿನವೇ ತುಕ್ಕಿನ ಎಣ್ಣೆ ಬಿಡಿ. ಕ್ಲಾಂಪ್ ಬಿಗಿಯುವ ಮುಂಚೆ ಟೈ ರಾಡ್ ಎಂಡ್‌ಗಳು ಎರಡೂ ಒಂದೇ ಓರೆಯಲ್ಲಿವೆಯೇ ನೋಡಿಕೊಳ್ಳಿ. ಒಂದು ಮುಂದಕ್ಕೆ ಒಂದು ಹಿಂದಕ್ಕೆ ತಿರುಚಿದ್ದರೆ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಸಿಕ್ಕಿಕೊಳ್ಳುತ್ತದೆ.